ಐದು ಪೆಟ್ಟಿನ ಮಾತು

ಕೊನೆಯ ಸಾದಾ ದಿನವೆಂದರೆ ಆ ಶನಿವಾರ. ಹಳಿಯಾಳದ ಹತ್ತಿರದ ನಮ್ಮ ಮನೆಯಲ್ಲಿ ಅಕ್ಕ ಮೊರವನ್ನು ಮಡಿಲ ಮೇಲೆ ಬೋರಲು ಹಾಕಿಕೊಂಡು ಕೂತಿದ್ದಳು. ಮುಂದಿನ ವಾರ ತೀರಿಹೋದ ಅವ್ವನ ವರ್ಷದ ಪ್ರಾರ್ಥನೆ. ಅಕ್ಕ ಬಹಳ ವರ್ಷ ಗೋವಾದಲ್ಲಿ ಒಬ್ಬ ಮುದುಕಿಯ ಆರೈಕೆಗಿದ್ದು ಪೋರ್ಚುಗೀಸ್ ಕಲಿತು ಬಂದವಳು. ಆ ಮುದುಕಿ ಕಲಿಸಿದ ಪ್ರಾರ್ಥನೆಯನ್ನು ಪ್ರತಿ ವರ್ಷ ಅವಳೇ ಹೇಳುತ್ತಿದ್ದಳು. ಈ ಸಲ ಅದರ ಕೊನೆಯ ಮಾತನ್ನು ನಾನು ಹೇಳಬೇಕೆಂದು ಅವಳ ಹಟ.

ಆ ಮಾತು ‘ಲೆಂಬ್ರಾರ್‌ನುಝೆಮುಶ್’. ನೆನೆಯುತ್ತೇವೆ ಎಂದು ಅರ್ಥ. ಕ್ರಿಯಾಪದದ ಹೊಟ್ಟೆ ಸೀಳಿ ‘ನಮ್ಮ’ ಎಂಬ ತುಣುಕನ್ನು ಒಳಗಿಟ್ಟು ಹೊಲಿದ ಹಾಗಿದೆ. ಎಲ್ಲಿ ಒಡೆಯಬೇಕು, ಎಲ್ಲಿ ಒತ್ತಬೇಕು ಎಂಬುದೇ ನನಗೆ ಹತ್ತುತ್ತಿರಲಿಲ್ಲ.

ನಾವು ಸಿದ್ದಿಗಳು. ನಮ್ಮಲ್ಲಿ ಡಮಾಮಿ ಡೋಲು ಬಾರಿಸುವುದನ್ನು ಯಾರೂ ಬರೆದು ಕಲಿಸುವುದಿಲ್ಲ, ಕೈ ನೋಡಿ ಕೈ ಕಲಿಯಬೇಕು. ಅಕ್ಕ ಭಾಷೆಯನ್ನೂ ಹಾಗೆಯೇ ಕಲಿಸುತ್ತಿದ್ದಳು. ಮೊರದ ಬೆನ್ನಿನ ಮೇಲೆ ತುಣುಕಿಗೊಂದು ಬೆರಳ ಪೆಟ್ಟು, ಒತ್ತು ಬೀಳುವಲ್ಲಿ ಇಡೀ ಅಂಗೈ.

“ಐದು ಪೆಟ್ಟು ಐತಿ. ಅಂಗೈ ಯಾವುದಕ್ಕ?”

“ಎರಡನೇದಕ್ಕ.”

“ಅಯ್ಯ, ಅಲ್ಲೇ ಯಾಕ ಕುಣೀತಿ? ಮುಂದ ಹೋಗು.”

“ತಡಿಯಕ್ಕಾ, ಬರ್ಕೋತೇನಿ.”

“ಬರ್ದ್ರ ಕಿವಿ ಮಂದ ಆಗ್ತೈತಿ. ಹೊಡಿ ಸುಮ್ನ.”

ಅಕ್ಷರಗಳನ್ನಷ್ಟೇ ಬರೆದುಕೊಂಡಿದ್ದೆ, ಅಷ್ಟರಲ್ಲಿ ಪೆನ್ನು ಕಿತ್ತುಕೊಂಡಳು. ನನಗೆ ರೇಗಿತು. “ನೀನ ಹೇಳ್ಕೋ ಹೋಗು” ಎಂದು ಎದ್ದೆ.

ಅಕ್ಕ ನಕ್ಕಳು. “ಸಿಟ್ಟು ಬಂತೇನ ರಾಣಿಗೆ? ನಾಳೆ ಮತ್ತ ಕೂಡೂಣು.”

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕುಸಿದ ಅಕ್ಕ ಮತ್ತೆ ಏಳಲಿಲ್ಲ.

ಅವ್ವನ ಪ್ರಾರ್ಥನೆ ಆ ವರ್ಷ ನಡೆಯಲಿಲ್ಲ. ಅಕ್ಕನ ತಿಂಗಳ ಪ್ರಾರ್ಥನೆಯಲ್ಲಿ ಆ ಮಾತನ್ನು ಅವಳಿಗಾಗಿಯೇ ಹೇಳಬೇಕಿತ್ತು, ಸರಿಯಾಗಿ ಹೇಳಬೇಕೆಂದು ನನಗೂ ಹಟ ಹುಟ್ಟಿತು. ಹಾಳೆಯಲ್ಲಿ ಅಕ್ಷರಗಳಿದ್ದವು, ಒತ್ತಿನ ಗುರುತಿರಲಿಲ್ಲ. ಅನಮೋಡ ಘಟ್ಟದಾಚೆ ಗೋವಾದಲ್ಲಿರುವ ಅಕ್ಕನ ಗೆಳತಿಗೆ ಫೋನು ಮಾಡಿದೆ. ಈಗ ಯಾರೂ ಹಾಗೆ ಮಾತಾಡುವುದಿಲ್ಲ, ಸುಲಭದ್ದನ್ನು ಹೇಳು ಎಂದು ನಕ್ಕುಬಿಟ್ಟಳು. ಮೊಬೈಲಿನಲ್ಲಿ ಕೇಳಿದರೆ ಅದು ಐದನ್ನೂ ಒಂದೇ ಗುಟುಕಿಗೆ ನುಂಗಿತು. ಎಷ್ಟೋ ಸಲ ಕೇಳಿದ ಮೇಲೆ ನಾಲ್ಕನೆಯದರಲ್ಲಿ ದನಿ ಕೊಂಚ ಏರಿದಂತೆ ಅನಿಸಿತು. ಅನಿಸಿತು, ಅಷ್ಟೇ. ಮೊಬೈಲನ್ನು ಹಾಸಿಗೆಯ ಮೇಲೆ ಎಸೆದೆ.

ಪ್ರಾರ್ಥನೆಯ ದಿನ ನಾಲ್ಕನೆಯದನ್ನು ಒತ್ತಿ ಹೇಳಿದೆ. ಎಲ್ಲರೂ “ಆಮೆನ್” ಅಂದರು. ಎಲ್ಲಿ ಒತ್ತಿದ್ದರೂ ಅನ್ನುತ್ತಿದ್ದರು.

ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಹೇಳುವವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.