ಆರನೆಯ ಹೆಸರಿನ ಪಕ್ಕದ ತೂತುಗಳು

ಆ ಶುಕ್ರವಾರ ಬೆಳಕು ಹರಿಯುವ ಮೊದಲು ಚಂಪಾ ಮುಗಿಸಿದ ಕೆಲಸಗಳು ಇವು. ನೀರುದೋಸೆಗೆ ನೆನೆಹಾಕಿದ್ದ ಅಕ್ಕಿ ಅರೆದಳು. ಗಂಡನ ಎರಡು ಬಿಳಿ ಅಂಗಿಗಳ ಕಾಲರು ಉಜ್ಜಿ ಮೆಷಿನ್ನಿಗೆ ಹಾಕಿದಳು. ಹಿಂದಿನ ದಿನದ ಗಾಳಿ ಬಾಲ್ಕನಿಗೆ ತಂದು ಸುರಿದಿದ್ದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ಬಟ್ಟೆ ಹಿಂಡಿ ಮತ್ತೊಮ್ಮೆ ಒರೆಸಿದಳು. ಬಂಗುಡೆಯನ್ನು ಫ್ರೀಜರಿನಿಂದ ಇಳಿಸಿದಳು. ಖಾಲಿಯಾದ ನೀರಿನ ಕ್ಯಾನನ್ನು ಬಾಗಿಲಾಚೆ ಉರುಳಿಸಿ ತುಂಬಿದ್ದನ್ನು ಮೊಣಕಾಲು ಕೊಟ್ಟು ಎತ್ತಿ ಕೂರಿಸಿದಳು. ಎದುರಿನ ಫ್ಲ್ಯಾಟಿನ ನಶ್ರಾಳ ಎರಡು ಅಬಾಯಾ ನಿಲುವಂಗಿಗಳ ಅಂಚು ಮಡಚಿ ಹೊಲಿದಳು. ಮನೆಯ ಉಳಿದಿಬ್ಬರು ಮಲಗಿದ್ದರು. ಶುಕ್ರವಾರ ಕುವೈತಿಗೆಲ್ಲ ರಜೆ.

ಚಂಪಾಳಿಗೆ ನಲವತ್ತೆರಡು ವರ್ಷ. ಕಿನ್ನಿಗೋಳಿಯ ಹತ್ತಿರದವಳು, ಇಲ್ಲಿ ಅಬು ಹಲೀಫಾಕ್ಕೆ ಬಂದು ಹದಿನೇಳು ವರ್ಷವಾಯಿತು. ಗಂಡ ಸುಂದರ ಒಂದು ತೈಲ ಕಂಪನಿಯ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್. ಇಲ್ಲಿರಲು ಬೇಕಾದ ಇಕಾಮಾ ಅವಳಿಗೆ ಸಿಕ್ಕಿದ್ದು ಸುಂದರನ ಹೆಂಡತಿ ಎಂದು. ಆ ಕಾರ್ಡಿನ ಪ್ರಕಾರ ಅವಳಿಗೆ ಕೆಲಸವಿಲ್ಲ. ಮನೆಗೆ ಬಂದವರಿಗೆ ಸುಂದರನೂ ಹಾಗೆಯೇ ಹೇಳುತ್ತಾನೆ: "ಇವಳು ಕೆಲಸಕ್ಕೆ ಹೋಗುದಿಲ್ಲ, ಮನೆಯಲ್ಲೇ ಸುಮ್ಮನೆ ಹೊಲಿತಾಳೆ." ಹಾಗೆ ಸುಮ್ಮನೆ ಹೊಲಿದದ್ದರಲ್ಲಿ ಆ ಕಟ್ಟಡದ ನಾಲ್ಕು ಮಹಡಿಗಳ ಪರದೆಗಳಿವೆ. ಸುಂದರ ಮೊದಲ ವರ್ಷದಿಂದ ತೊಟ್ಟುಕೊಂಡು ಬಂದ ಪ್ರತಿಯೊಂದು ಪ್ಯಾಂಟಿನ ಕಾಲಂಚೂ ಇದೆ.

ಹಿಂದಿನ ವಾರ ಆನ್ಸನ್ ಫೋನ್ ಮಾಡಿದ್ದ. ಅವನೂ ಮಂಗಳೂರಿನ ಕಡೆಯವನು, ಹತ್ತಿರದ ಫಿಂಟಾಸಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟವನು.

"ಚಂಪಕ್ಕಾ, ನಮ್ಮ ಟೈಲರ್ ಮುತ್ತಲಿಬ್ ಭಾಯಿ ಕೆಲಸ ಖಲಾಸ್, ಮುಂದಿನ ತಿಂಗಳು ಊರಿಗೆ. ಆ ಮೆಷಿನ್ನಿನ ಎದುರು ಕೂರ್ಲಿಕ್ಕೆ ನನಗೆ ಜನ ಬೇಕು. ಪೇಪರೆಲ್ಲ ನಾನು ಮಾಡಿಸ್ತೇನೆ. ಇಕಾಮಾ ನಿಮ್ಮದೇ, ಟೈಲರ್ ಅಂತ ಬರೆದು ಬರ್ತದೆ."

ಚಂಪಾ ಮೆಷಿನ್ ನಿಲ್ಲಿಸಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಆದ್ರೆ ಒಂದು ಕೆಲಸ ಮಾಡಿ ತೋರಿಸ್ಬೇಕು. ಶುಕ್ರವಾರ ಸಂಜೆ ಇಲ್ಲಿ ಹಾಲ್‌ನಲ್ಲಿ ಜಪಾನಿನ ಹೆಂಗಸರ ಕುಸ್ತಿ ಉಂಟು. ಅವರ ಚಾಂಪಿಯನ್ ಬೆಲ್ಟ್ ಹರಿದಿದೆ. ಮುತ್ತಲಿಬ್ ಭಾಯಿಗೆ ಚರ್ಮದ ಕೆಲಸ ಆಗುದಿಲ್ಲ. ಅವರು ಹೇಳಿದ ಹಾಗೆ ಮಾಡಿ ಕೊಡಿ, ಸೀಟು ನಿಮಗೆ."

ಶುಕ್ರವಾರ ಏಳು ಗಂಟೆಗೆ ಬಾಗಿಲು ತೆರೆದರೆ ಬೆನ್ನಿಗೆ ಹಾಕುವ ಚೀಲವನ್ನು ಮಗುವಿನಂತೆ ಎದೆಗೆ ಕಟ್ಟಿಕೊಂಡ ಹುಡುಗಿಯೊಬ್ಬಳು ನಿಂತಿದ್ದಳು. ಇಪ್ಪತ್ತೇಳರ ಚಿಹಾರು. ಇಳಿಸಿ ಹೋಗಲು ಬಂದ ಆನ್ಸನ್ ಒಂದು ಸುರುಳಿ ಕಪ್ಪು ಚರ್ಮವನ್ನೂ ಒಂದು ಕಾಗದವನ್ನೂ ಚಂಪಾಳ ಕೈಗಿತ್ತು, "ಯಲ್ಲಾ, ಹೊರಟೆ, ಒಂದು ಗಂಟೆಗೆ ಬೆಲ್ಟ್ ತಕೊಂಡು ಹೋಗ್ಲಿಕ್ಕೆ ಬರ್ತೇನೆ" ಎಂದು ಮೆಟ್ಟಿಲಿಳಿದ.

ಶುಕ್ರವಾರ ಹತ್ತು ಗಂಟೆಗೆ ಮೊದಲು ಏಳದ ಮಗಳು ಅಶ್ಮಿತಾ ಹಾಸಿಗೆಯಿಂದ ಜಿಗಿದು ಬಂದಳು. "ಅಮ್ಮಾ! ಶೀ ಈಸ್ ದ ಚಾಂಪಿಯನ್! ಯು ಡೋಂಟ್ ಅಂಡರ್‌ಸ್ಟ್ಯಾಂಡ್!"

"ಅರ್ಥ ಆಗುದಿಲ್ಲ ಅಂತ ನನಗೂ ಗೊತ್ತುಂಟು. ಮೊದಲು ಮುಖ ತೊಳಿ."

ಸುಂದರ ಲುಂಗಿ ಬಿಗಿಮಾಡಿಕೊಳ್ಳುತ್ತ ಹೊರಗೆ ಬಂದ. "ಇವರಾ ಕುಸ್ತಿಯವರು? ನನಗಿಂತ ಸಣ್ಣ ಇದ್ದಾರಲ್ಲ."

"ಕೈ ಕೊಟ್ಟು ನೋಡಿ," ಎಂದಳು ಚಂಪಾ.

ಅವನು ಕೊಡಲಿಲ್ಲ.

ಚಿಹಾರು ತನ್ನ ಫೋನಿಗೆ ಏನೋ ಹೇಳಿದಳು. ಫೋನು ಕನ್ನಡದಲ್ಲಿ ಮಾತಾಡಿತು: "ಕ್ಷಮಿಸಿರಿ. ಈ ಸೊಂಟಪಟ್ಟಿಯಿಂದ ದೂರ ಹೋಗಲು ನನಗೆ ಅನುಮತಿ ಇರುವುದಿಲ್ಲ. ನಾನು ಇಲ್ಲಿಯೇ ಕುಳಿತುಕೊಳ್ಳುವೆನು."

"ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ," ಚಂಪಾಳಿಗೆ ನಗು ಬಂತು. "ಕೂರ್ಲಿ. ದೋಸೆ ತಿಂತಾರಾ ಕೇಳು."

ಚಿಹಾರು ಎಂಟು ದೋಸೆ ತಿಂದಳು. ತಿಂದು ಎದ್ದವಳು ತನ್ನ ತಟ್ಟೆಯ ಜೊತೆ ಸುಂದರನ ತಟ್ಟೆಯನ್ನೂ ಅಶ್ಮಿತಾಳ ತಟ್ಟೆಯನ್ನೂ ಎತ್ತಿಕೊಂಡು ಹೋಗಿ ತೊಳೆದಿಟ್ಟಳು. ಸುಂದರ "ಅಯ್ಯೋ, ಬೇಡ ಬೇಡ" ಎಂದ, ಕುರ್ಚಿಯಿಂದ ಏಳದೆ. ಚಂಪಾ ಅವಳ ಕೈಗಳನ್ನೇ ನೋಡುತ್ತಿದ್ದಳು. ತಟ್ಟೆಯ ಹಿಂಭಾಗವನ್ನೂ ಉಜ್ಜುವ ಕೈ ಅಭ್ಯಾಸವಿದ್ದವರದು. ಎಲ್ಲಿ ಕಲಿತಿರಿ ಎಂದು ಅಶ್ಮಿತಾಳಿಂದ ಕೇಳಿಸಿದಳು. ಕುಸ್ತಿ ಕಂಪನಿಗೆ ಸೇರಿದ ಹೊಸಬರು ಮೊದಲ ಮೂರು ವರ್ಷ ಅಲ್ಲಿನ ಹಾಸ್ಟೆಲಿನಲ್ಲೇ ಇದ್ದು ಎಲ್ಲರಿಗೂ ಅಡುಗೆ ಮಾಡಬೇಕು, ಹಿರಿಯರ ಬಟ್ಟೆ ಒಗೆಯಬೇಕು ಎಂದು ಉತ್ತರ ಬಂತು.

"ಕುಸ್ತಿ ಕಲೀಲಿಕ್ಕೆ ಹೋದವಳಿಗೆ ಅಕ್ಕಿ ತೊಳೆಯುವ ಕೆಲಸವಾ?"

"ಮೊದಲು ಅಕ್ಕಿ," ಎಂದಿತು ಫೋನು. "ನಂತರ ಬೀಳುವುದು. ನಂತರ ಕುಸ್ತಿ."

ಬೆಲ್ಟು ಚೀಲದಿಂದ ಹೊರಬಂತು. ಎದುರಿಗೆ ತಟ್ಟೆಯಷ್ಟು ದೊಡ್ಡ ಹಿತ್ತಾಳೆ, ಅದರ ಮೇಲೆ ಅಲೆಗಳು, ಎರಡೂ ಬದಿಗೆ ಚಿಕ್ಕ ಬಿಲ್ಲೆಗಳು. ಒಂದು ತುದಿಯಲ್ಲಿ ಗುಂಡಿಗಳು ಚರ್ಮದ ಸಮೇತ ಕಿತ್ತುಬಂದಿದ್ದವು. ಅಶ್ಮಿತಾ ಹಿತ್ತಾಳೆಯ ಫೋಟೋ ತೆಗೆದಳು. ಚಂಪಾ ಅದನ್ನು ಮಗುಚಿ ಹಾಕಿದಳು. ಯಾವುದು ಕೈಗೆ ಬಂದರೂ ಅವಳು ಮೊದಲು ನೋಡುವುದು ಒಳಮೈ.

ಒಳಗೆ ಮೆತ್ತನೆಯ ಕಂದು ಚರ್ಮದ ಪದರ. ಬೆವರು ಕುಡಿದು ಅಲ್ಲಲ್ಲಿ ಗಟ್ಟಿಯಾಗಿತ್ತು. ಅದರ ಮೇಲೆ ಉದ್ದಕ್ಕೂ ಕೆಂಪು ದಾರದಲ್ಲಿ ಹೊಲಿದ ಹೆಸರುಗಳು, ಒಂದರ ಪಕ್ಕ ಒಂದು, ಮೇಲಿನಿಂದ ಕೆಳಕ್ಕೆ. ಗೆದ್ದವಳು ಅದೇ ದಿನ ತನ್ನ ಹೆಸರನ್ನು ತಾನೇ ಹೊಲಿಯಬೇಕು, ಬೇರೆಯವರು ಸೂಜಿ ಮುಟ್ಟುವಂತಿಲ್ಲ, ಇಪ್ಪತ್ತು ವರ್ಷದಿಂದ ಇದೇ ಪದ್ಧತಿ ಎಂದು ಚಿಹಾರು ವಿವರಿಸಿದಳು.

ಚಂಪಾಳಿಗೆ ಅಕ್ಷರ ತಿಳಿಯಲಿಲ್ಲ, ಹೊಲಿಗೆ ತಿಳಿಯಿತು. "ಈ ಮೊದಲಿನವಳಿಗೆ ಮನೆಯಲ್ಲಿ ಹೊಲಿದು ಅಭ್ಯಾಸ ಉಂಟು. ಮೂರನೆಯವಳಿಗೆ ಸಿಟ್ಟು, ದಾರ ಎಳೆದು ಎಳೆದು ಚರ್ಮ ಸುಕ್ಕಾಗಿದೆ. ಈ ಎಂಟನೆಯವಳು ಎಡಗೈಯವಳು."

ಅಮ್ಮನ ಮಾತನ್ನು ಅಶ್ಮಿತಾ ಫೋನಿಗೆ ಹೇಳಿ ಅದು ಜಪಾನಿಯಲ್ಲಿ ಹೇಳುತ್ತಿದ್ದಂತೆ ಚಿಹಾರು ಕುರ್ಚಿಯಿಂದ ಇಳಿದು ನೆಲದಲ್ಲಿ ಚಂಪಾಳ ಪಕ್ಕ ಕೂತಳು. ಎಂಟನೆಯವಳು ಎಡಗೈಯವಳು ಹೌದು. ಮೊದಲನೆಯವಳು ಕುಸ್ತಿಗೆ ಬರುವ ಮೊದಲು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿದ್ದವಳು, ಎರಡು ವರ್ಷ ಪಟ್ಟ ಬಿಟ್ಟುಕೊಡಲಿಲ್ಲ. ಮೂರನೆಯವಳು ಗೆದ್ದ ದಿನ ಅವಳ ಮುಂಗೈ ಮುರಿದಿತ್ತು, ದಾರ ಎಳೆದದ್ದು ನೋವಿಗೆ, ಸಿಟ್ಟಿಗಲ್ಲ. ಚಂಪಾ "ಪಾಪ" ಎಂದು ಆ ಸುಕ್ಕನ್ನು ಬೆರಳಿನಿಂದ ಸವರಿದಳು. ಕೊನೆಯದು ಚಿಹಾರುವಿನ ಹೆಸರು, ಹನ್ನೊಂದನೆಯದು. ಆ ಕಂಪನಿಯಲ್ಲಿ ಪ್ರತಿ ಚಾಂಪಿಯನ್ನಿಗೂ ಎಷ್ಟನೆಯವಳು ಎಂಬ ಅಂಕೆ ಹೆಸರಿನಷ್ಟೇ ಮುಖ್ಯ. ಅವಳ ಟೀ ಶರ್ಟಿನ ಬೆನ್ನಿನಲ್ಲೂ ಹನ್ನೊಂದು ಎಂದೇ ಇತ್ತು.

ಅಶ್ಮಿತಾ ಆನ್ಸನ್ ಕೊಟ್ಟ ಕಾಗದ ಓದಿದಳು. ಗುಂಡಿ ಹೊಸದು ಹಾಕಬೇಕು. ಒಳಪದರ ಪೂರ್ತಿ ತೆಗೆದು ಕಪ್ಪು ಚರ್ಮ ಹಾಕಬೇಕು. ಹಳೆಯದನ್ನು ಎಸೆಯಬೇಕು. ಇನ್ನು ಮುಂದೆ ಹೆಸರುಗಳನ್ನು ಹಿತ್ತಾಳೆಯ ಪಟ್ಟಿಯಲ್ಲಿ ಕೆತ್ತಿಸಿ ಕೂರಿಸುತ್ತಾರಂತೆ.

"ಎಸೆಯುದಾ?" ಎಂದಳು ಚಂಪಾ.

ಚಿಹಾರು ತಲೆ ತಗ್ಗಿಸಿದಳು.

ಚಂಪಾ ಚರ್ಮ ಎಲ್ಲೆಲ್ಲಿ ಸವೆದಿದೆ ಎಂದು ಬೆರಳಾಡಿಸುತ್ತ ಹೋದಳು. ಆರನೆಯ ಹೆಸರು ದಾಟಿದ ಮೇಲೆ ಬೆರಳು ನಿಂತಿತು. ಬೇರೆ ಕಡೆ ಹೆಸರುಗಳ ನಡುವೆ ಒಂದು ಬೆರಳಿನ ಜಾಗ, ಇಲ್ಲಿ ಮೂರು ಬೆರಳಿನದು. ಮುಟ್ಟಿದರೆ ತರಿತರಿ.

ಕಿನ್ನಿಗೋಳಿಯಲ್ಲಿ ಅವಳಿಗೆ ಹೊಲಿಗೆ ಕಲಿಸಿದ ಆಚುಮ್ಮ ಮೊದಲ ತಿಂಗಳು ಸೂಜಿಯನ್ನೇ ಕೊಟ್ಟಿರಲಿಲ್ಲ. ಹಳೆಯ ಲಂಗ, ರವಿಕೆಗಳನ್ನು ರಾಶಿ ಹಾಕಿ ಹೊಲಿಗೆ ಬಿಚ್ಚಿಸಿದ್ದರು. ಬಟ್ಟೆಯಲ್ಲಾದರೆ ಬಿಚ್ಚಿದ ತೂತು ಒಂದು ಒಗೆತಕ್ಕೆ ಮುಚ್ಚಿಕೊಳ್ಳುತ್ತದೆ, ಚರ್ಮದಲ್ಲಿ ಮಾತ್ರ ಹಾಗೆಯೇ ಉಳಿಯುತ್ತದೆ ಎಂದೂ ಅವರೇ ತೋರಿಸಿದ್ದರು. ಚಂಪಾ ಗುರುತು ಹಾಕುವ ಬಿಳಿ ಸೀಮೆಸುಣ್ಣವನ್ನು ಉಗುರಿನಿಂದ ಕೆರೆದು ಆ ಜಾಗದ ಮೇಲೆ ಉದುರಿಸಿದಳು, ಮೆಲ್ಲನೆ ಉಜ್ಜಿ ಊದಿದಳು. ಕಂದು ಚರ್ಮದ ಮೇಲೆ ಬಿಳಿ ಚುಕ್ಕೆಗಳು ಎದ್ದವು: ಕತ್ತಿಯಂಥ ಒಂದು ಬಾಗು, ಅದರ ಕೆಳಗೆ ಮೂರು ಓರೆ ಗೀಟು, ಅದರ ಕೆಳಗೆ ಒಂದು ಬದಿ ಇಲ್ಲದ ಪೆಟ್ಟಿಗೆ.

ಚಿಹಾರು ಬಗ್ಗಿ ನೋಡಿದಳು. "ಫು. ಮಿ. ಕೊ." ಆಮೇಲೆ ಬೆರಳು ಮಡಚಿ ಎಣಿಸಿದಳು, ಆರನೆಯವಳ ಹೆಸರು ಹೇಳಿದಳು, ಏಳನೆಯವಳ ಹೆಸರು ಹೇಳಿದಳು. ನಡುವೆ ಯಾರೂ ಇಲ್ಲವೆಂದು ತಲೆಯಾಡಿಸಿದಳು. ಕಂಪನಿಯ ದಾಖಲೆಯಲ್ಲಿ ಆ ಕೆಲವು ವಾರಗಳ ಎದುರು ಪಟ್ಟ ಖಾಲಿ ಎಂದು ಮಾತ್ರ ಇದೆ.

"ಇದು ಬ್ಲೇಡ್ ಹಾಕಿ ಕಿತ್ತದ್ದಲ್ಲ," ಎಂದಳು ಚಂಪಾ. "ಒಂದು ಗೀರೂ ಇಲ್ಲ ನೋಡು. ಒಂದೊಂದೇ ಹೊಲಿಗೆ ಎತ್ತಿ ಬಿಚ್ಚಿದ್ದು. ಯಾರೋ ತುಂಬ ಹೊತ್ತು ಕೂತಿದ್ದಾರೆ."

ಚಿಹಾರು ಹಾಸ್ಟೆಲಿನ ಅಡುಗೆಯ ಅಜ್ಜಿಗೆ ಫೋನ್ ಮಾಡಿದಳು. ಅಲ್ಲಿ ಆಗ ಮಧ್ಯಾಹ್ನ. ಅಜ್ಜಿ ಪಾತ್ರೆ ತೊಳೆಯುವ ಸದ್ದು ಇಲ್ಲಿಯವರೆಗೂ ಕೇಳುತ್ತಿತ್ತು, ಸ್ವಲ್ಪ ಹೊತ್ತಿಗೆ ಅದು ನಿಂತಿತು. ಮಾತು ಮುಗಿದ ಮೇಲೆ ಚಿಹಾರು ನಿಧಾನವಾಗಿ ಫೋನಿಗೆ ಹೇಳುತ್ತ ಹೋದಳು, ಫೋನು ತನ್ನ ವಾರ್ತೆಯ ದನಿಯಲ್ಲಿ ಓದುತ್ತ ಹೋಯಿತು.

"ಫುಮಿಕೊ ಏಳನೆಯವರು ಆಗಿದ್ದರು. ಗೆದ್ದು ನಲವತ್ತೊಂದು ದಿನಗಳ ನಂತರ ಗರ್ಭಿಣಿ ಎಂದು ತಿಳಿಯಿತು. ಒಮ್ಮೆಯೂ ಕಾದಾಡಿ ಉಳಿಸಿಕೊಳ್ಳದ ಪಟ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಕಂಪನಿ ಹೇಳಿತು. ಸೊಂಟಪಟ್ಟಿಯನ್ನು ಸ್ವಚ್ಛ ಮಾಡಿ ಹಿಂದಿರುಗಿಸಲು ಹೇಳಿತು. ಅವರು ಅಡುಗೆಮನೆಯಲ್ಲಿ ಕುಳಿತು ತಾವೇ ಬಿಚ್ಚಿದರು. ಈಗ ಎಲ್ಲಿದ್ದಾರೆ ಎಂದು ಅಜ್ಜಿಗೆ ತಿಳಿದಿಲ್ಲ."

"ಅವಳ ಕೈಯಿಂದಲೇ ಬಿಚ್ಚಿಸಿದ್ರಾ," ಎಂದಳು ಚಂಪಾ.

"ದಟ್ಸ್ ಸೋ ಮೀನ್," ಎಂದಳು ಅಶ್ಮಿತಾ. ಆಮೇಲೆ ಚಿಹಾರುವಿನ ಬೆನ್ನು ನೋಡಿ, "ದೆನ್ ಶೀ ಈಸ್ ಟ್ವೆಲ್ವ್!"

ಚಿಹಾರುವಿಗೆ ಅಷ್ಟು ಇಂಗ್ಲಿಷು ಅರ್ಥವಾಯಿತು. ಅವಳು ಮತ್ತೊಮ್ಮೆ ಬೆರಳು ಮಡಚಿ ಎಣಿಸಿದಳು.

ಹತ್ತು ಗಂಟೆಗೆ ಹಾಲ್‌ನಲ್ಲಿ ಅವಳಿಗೆ ಅಭ್ಯಾಸವಿತ್ತು. ಸುಂದರ ಕಾರಿನಲ್ಲಿ ಬಿಡಲು ಹೊರಟ, ಭಾಷೆಗೆಂದು ಅಶ್ಮಿತಾಳೂ ಹೊರಟಳು. ಬೆಲ್ಟು ಇನ್ನೂ ನೆಲದ ಮೇಲಿತ್ತು. ಚಿಹಾರು ಅದನ್ನು ನೋಡಿದಳು, ಚಂಪಾಳನ್ನು ನೋಡಿದಳು, ಖಾಲಿ ಚೀಲವನ್ನು ಬೆನ್ನಿಗೆ ಹಾಕಿಕೊಂಡಳು. ಬಾಗಿಲಲ್ಲಿ ನಿಂತು ಫೋನಿಗೆ ಹೇಳಿದಳು: "ಈ ಸೊಂಟಪಟ್ಟಿ ನನ್ನದಲ್ಲ. ನಾನು ಸೋಲುವ ತನಕ ಹೊರುವವಳು. ನಿರ್ಧಾರ ಮಾಡಲು ನನಗೆ ಅಧಿಕಾರ ಇರುವುದಿಲ್ಲ." ಸೊಂಟದವರೆಗೂ ಬಗ್ಗಿ ನಮಸ್ಕರಿಸಿ ಮೆಟ್ಟಿಲಿಳಿದಳು.

ಸುಂದರ ಒಂದು ನಿಮಿಷ ಹಿಂದೆ ಉಳಿದ. "ಅವರು ಬರೆದು ಕೊಟ್ಟದ್ದು ಮಾಡು ಮಾರಾಯ್ತಿ. ಆ ಹೆಂಗಸು ಯಾರೋ, ನಾವು ಯಾರೋ. ನಿನ್ನದೇ ಇಕಾಮಾ ಬೇಕೂಂತ ಎಷ್ಟು ವರ್ಷದಿಂದ ಹೇಳ್ತಾ ಇದ್ದಿ?" ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜಕ್ಕೂ ಅವಳಿಗೆ ಅದು ಸಿಗಲಿ ಎಂದೇ ಅವನಿಗಿತ್ತು. "ಬಂಗುಡೆ ಮಧ್ಯಾಹ್ನಕ್ಕೆ ಅಲ್ವಾ?" ಎಂದು ಕೇಳಿ ಹೊರಟ.

ಮನೆಯಲ್ಲಿ ಚಂಪಾ ಒಬ್ಬಳೇ ಉಳಿದಳು. ಬಂಗುಡೆಗೆ ಮಸಾಲೆ ಹಚ್ಚಿಟ್ಟು ಕೈ ತೊಳೆದು, ನಿಂಬೆ ಉಜ್ಜಿ ಮತ್ತೆ ತೊಳೆದು ಬಂದು ಕೂತಳು. ಕಪ್ಪು ಚರ್ಮವನ್ನು ಬೆಲ್ಟಿನ ಅಳತೆಗೆ ಹರಡಿದಳು. ಒಳ್ಳೆಯ ಚರ್ಮ. ಕಾಗದದಲ್ಲಿ ಹೇಳಿದಂತೆ ಮಾಡಿದರೆ ಮುಂದಿನ ತಿಂಗಳಿಂದ ಬೆಳಿಗ್ಗೆ ಎಂಟಕ್ಕೆ ಅವಳೂ ಚೀಲ ಹಿಡಿದು ಬಸ್ಸು ಹತ್ತುತ್ತಾಳೆ. ಟೈಲರ್ ಎಂದು ಬರೆದ ಕಾರ್ಡು ಪರ್ಸಿನಲ್ಲಿರುತ್ತದೆ. ಮಾಡದಿದ್ದರೆ ಆನ್ಸನ್ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತಾನೆ. ಅವನು ಕೆಟ್ಟವನಲ್ಲ, ಆದರೆ ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವವರೇ ಅವನಿಗೆ ಬೇಕು.

ಅವಳು ಬ್ಲೇಡು ತೆಗೆದುಕೊಂಡು ಹಳೆಯ ಪದರದ ಅಂಚನ್ನು ಬಿಡಿಸತೊಡಗಿದಳು. ಆರನೆಯ ಹೆಸರಿನವರೆಗೂ ಸಲೀಸಾಗಿ ಬಿಟ್ಟುಕೊಂಡಿತು. ಅಂಚನ್ನು ಮಡಚಿ ಹಿಂಬದಿ ನೋಡಿದಳು.

ಅಲ್ಲಿ ಒಂದು ಗಂಟಿತ್ತು. ಕೆಂಪು ದಾರದ್ದು, ಸಾಸಿವೆಯಷ್ಟು. ಕತ್ತಿಯಂಥ ಬಾಗಿನ ಮೊದಲ ತೂತಿನ ಹಿಂದೆ, ಬೆರಳುದ್ದದ ಬಾಲ ಬಿಟ್ಟು, ಆ ಬಾಲವನ್ನು ಚರ್ಮಕ್ಕೆ ಅಂಟಿಸಿ ಕೂರಿಸಿದ್ದು. ಬಿಚ್ಚಲು ಕೂತವರು ಮೊದಲು ಕತ್ತರಿಸುವುದೇ ಗಂಟನ್ನು. ಒಂದು ಗೀರೂ ಮಾಡದೆ ಇಡೀ ಹೆಸರು ಎತ್ತಿ ತೆಗೆದವಳು ಇದನ್ನು ಮರೆಯುವುದು ಸಾಧ್ಯವಿಲ್ಲ. ಬೇಕೆಂದೇ ಬಿಟ್ಟಿದ್ದಾಳೆ. ಕಂಪನಿಯವರು ನೋಡದ ಬದಿಯಲ್ಲಿ, ಮತ್ತೆ ಶುರುಮಾಡಲು ಬೇಕಾದಷ್ಟನ್ನು.

ಚಂಪಾ ಬ್ಲೇಡು ಕೆಳಗಿಟ್ಟು ಆ ಗಂಟನ್ನು ಬಹಳ ಹೊತ್ತು ನೋಡಿದಳು. ಬೇರೆಯವರು ಸೂಜಿ ಮುಟ್ಟುವಂತಿಲ್ಲ ಎಂಬ ಮಾತು ನೆನಪಾಯಿತು. ಮುಟ್ಟಬೇಕಾದವಳು ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ. ಹೇಳಿದ ಹಾಗೆ ಮಾಡಿದರೆ ಸಂಜೆ ಈ ಹಳೆಯ ಚರ್ಮ ಕಸದ ಡಬ್ಬಿಯಲ್ಲಿರುತ್ತದೆ.

ಕಪ್ಪು ಚರ್ಮದ ಒಂದು ತುದಿಯಿಂದ ಅಂಗೈಯಷ್ಟು ಕತ್ತರಿಸಿ, ಕಿತ್ತುಬಂದಿದ್ದ ತುದಿಗೆ ಒಳಗೊಂದು ಹೊರಗೊಂದು ತೇಪೆ ಕೊಟ್ಟು, ಹೊಸ ಗುಂಡಿ ಹಾಕಿ ಎಳೆದು ನೋಡಿದಳು. ಗಟ್ಟಿಯಾಗಿತ್ತು. ಉಳಿದ ಕಪ್ಪು ಚರ್ಮವನ್ನು ಸುತ್ತಿ, ಕಾಗದವನ್ನು ಅದರ ಮೇಲಿಟ್ಟು, ಆನ್ಸನ್‌ಗೆ ಹಿಂದಿರುಗಿಸಲು ಬಾಗಿಲ ಬಳಿ ಇಟ್ಟಳು. ಅಶ್ಮಿತಾಳ ಶಾಲೆಯ ನೃತ್ಯಕ್ಕೆ ತಂದಿದ್ದ ಕೆಂಪು ದಾರ ಡಬ್ಬಿಯಲ್ಲಿತ್ತು. ಮೇಣ ಸವರಿ, ಹಳೆಯ ಬಾಲಕ್ಕೆ ಅದನ್ನು ಸೇರಿಸಿ, ಸೂಜಿಯನ್ನು ಮೊದಲ ತೂತಿನಿಂದ ಮೇಲಕ್ಕೆ ತಂದಳು.

ಓದಲು ಬಾರದ ಆ ಅಕ್ಷರ ಬರೆಯಲು ಕಷ್ಟವಾಗಲಿಲ್ಲ. ಫುಮಿಕೊ ಮಾಡಿಟ್ಟ ತೂತುಗಳು ಎಲ್ಲಿಗೆ ಹೋಗಬೇಕೆಂದು ಹೇಳುತ್ತಿದ್ದವು. ಮೂರು ಓರೆ ಗೀಟಿನಲ್ಲಿ ನಡುವಿನದು ಉಳಿದೆರಡಕ್ಕಿಂತ ಚಿಕ್ಕದು. ಹೊಲಿಗೆ ಒತ್ತೊತ್ತಾಗಿ, ಸಮವಾಗಿ ಇದೆ. ಅವಸರವಿಲ್ಲದವಳು, ಅಂದುಕೊಂಡಳು ಚಂಪಾ.

ಪೆಟ್ಟಿಗೆಯ ಕೊನೆಯ ಬದಿಯಲ್ಲಿದ್ದಾಗ ಕೆಳಗೆ ಆನ್ಸನ್‌ನ ಹಾರ್ನ್ ಕೇಳಿಸಿತು. ಅವಳು ಕಿಟಕಿಗೆ ಹೋಗಿ "ಹತ್ತು ನಿಮಿಷ! ಅಂಚು ಹೊಲಿದು ಮುಚ್ಚುದು ಬಾಕಿ!" ಎಂದು ಕೂಗಿ ಬಂದು ಕೂತಳು. ಕೊನೆಯ ತೂತಿನಿಂದ ದಾರವನ್ನು ಹಿಂಬದಿಗೆ ಇಳಿಸಿ ಒಂದು ಗಂಟು ಹಾಕಿದಳು. ಸ್ವಲ್ಪ ತಡೆದು, ಅದರ ಮೇಲೆ ಇನ್ನೊಂದು ಹಾಕಿ ಬಿಗಿದಳು.