ಕಂಪ್ಯೂಟರಿಗೆ ಬಂದ ಜ್ವರ

ಸಿಟ್ಟು ಬಂದರೆ ನಾನು ಮೊದಲು ಬಯ್ಯುವುದು ವಸ್ತುಗಳನ್ನು, ಆಮೇಲೆ ಅವನ್ನು ಮಾರಿದವರನ್ನು. ಆ ಬೇಸಿಗೆಯಲ್ಲಿ ಇಬ್ಬರಿಗೂ ಬಿಡುವು ಕೊಡಲಿಲ್ಲ. ಹಳೇ ಕಂಪ್ಯೂಟರನ್ನು ಕಡಿಮೆ ದುಡ್ಡಿನಲ್ಲಿ ಹೊಸ ಆಟಕ್ಕೆ ಒಗ್ಗಿಸುತ್ತೇನೆ ಎಂದು ಹೊರಟ ನನ್ನ ಬುದ್ಧಿಗೆ ಏನನ್ನಬೇಕೋ ಇವತ್ತಿಗೂ ಗೊತ್ತಿಲ್ಲ.

ಹುತ್ತೂರಿನ ನಮ್ಮ ಮನೆಯಲ್ಲಿ ಇರುವುದು ಅಮ್ಮ, ನಾನು ಮತ್ತು ರೇಷ್ಮೆ ಹುಳು. ಮರ್ಯಾದೆಯ ಲೆಕ್ಕದಲ್ಲಿ ಹುಳುವೇ ಮೊದಲು. ವಾರವಿಡೀ ಮಾಲೂರಿನ ಒಂದು ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ದುಡಿಯುವ ನನಗೆ ಭಾನುವಾರ ಮಧ್ಯಾಹ್ನ ಒಂದು ಬಿಡುವು. ಆಗ ಅಕ್ಕನ ಜೊತೆ ಆಟ. ಅವಳು ಶ್ರೀನಿವಾಸಪುರದಲ್ಲಿ, ಗಂಡನ ಮನೆಯಲ್ಲಿ. ಭಾವ ಮನೆ ಮುಂದೆಯೇ ಫ್ಲೆಕ್ಸ್ ಬ್ಯಾನರ್ ಅಂಗಡಿ ಇಟ್ಟಿದ್ದಾರೆ. ಭಾನುವಾರ ಅಂಗಡಿಗೆ ರಜ. ಅಲ್ಲಿನ ಒಳ್ಳೇ ಕಂಪ್ಯೂಟರಿನ ಮುಂದೆ ಅಕ್ಕ ಕೂರುತ್ತಿದ್ದಳು, ನನ್ನ ಮುರುಕಲಿನ ಮುಂದೆ ನಾನು. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ರಾಕ್ಷಸರನ್ನು ಹೊಡೆಯುತ್ತಾ ಮಾತಾಡುತ್ತಿದ್ದೆವು.

ಫೋನಿನಲ್ಲಿ ಮಾತಾಡಬಹುದಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಅಕ್ಕ ಫೋನ್ ಎತ್ತಿದರೆ ಊಟ ಆಯ್ತಾ, ಅಮ್ಮಂಗೆ ಮಾತ್ರೆ ಕೊಟ್ಯಾ, ಅಷ್ಟೇ. ಎದುರಿಗೆ ಕೂತರೂ ಅದೇ ಕಥೆ. ಕೈಗೆ ಕೆಲಸವಿದ್ದರೆ ಮಾತ್ರ ಅವಳ ಬಾಯಿ ಬಿಚ್ಚುವುದು. ಚಿಕ್ಕಂದಿನಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುವಾಗ, ಗಿಡದ ಆಚೆ ಅವಳು ಈಚೆ ನಾನು ಇದ್ದಾಗ, ಎಲ್ಲವನ್ನೂ ಹೇಳುತ್ತಿದ್ದಳು. ಮದುವೆಯಾದ ಮೇಲೆ ಆ ಜಾಗಕ್ಕೆ ಆಟ ಬಂತು.

ಒಂದು ಭಾನುವಾರ ಅವಳು, "ನಿನ್ನ ಹತ್ರ ಒಂದು ವಿಷಯ ಕೇಳ್ಬೇಕು ಕಣೋ," ಎಂದಳು. ದನಿ ಸರಿ ಇರಲಿಲ್ಲ. ಏನಕ್ಕಾ ಎಂದೆ. "ಇವತ್ತು ಬೇಡ, ಮುಂದಿನ ವಾರ ಕೇಳ್ತೀನಿ," ಎಂದಳು. ಮುಂದಿನ ವಾರದೊಳಗೆ ಆ ದರಿದ್ರ ಆಟ ಹೊಸದಾಗಿ ಬದಲಾಗಿ, ನನ್ನ ಕಂಪ್ಯೂಟರಿನಲ್ಲಿ ತೆರೆಯುವುದನ್ನೇ ನಿಲ್ಲಿಸಿತು. ನಾನು ಬಸ್ಸು ಹತ್ತಿ ಶ್ರೀನಿವಾಸಪುರಕ್ಕೇ ಹೋದೆ. ಮನೆ ತುಂಬಾ ಜನ. ಅಕ್ಕ ಕಾಫಿ ಕೊಟ್ಟಳು, ಮಾವಿನಹಣ್ಣು ಹೆಚ್ಚಿ ಕೊಟ್ಟಳು. ಹೊರಡುವಾಗ ಬಾಗಿಲ ಹತ್ತಿರ, "ಆಟಕ್ಕೆ ಬಾರೋ, ಬೇಗ ರಿಪೇರಿ ಮಾಡಿಸ್ಕೊ," ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳ ಮುಖ ಸೊರಗಿತ್ತು.

ಶುರುವಾಯಿತು ನೋಡಿ ಅಲೆದಾಟ. ಆ ಆಟಕ್ಕೆ ಬೇಕಾದ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಯೋಗ್ಯತೆ ನನಗಿಲ್ಲ. ಮಾಲೂರಿನಲ್ಲಿ ಒಬ್ಬ ಗೇಮಿಂಗ್ ಸೆಂಟರ್ ಮುಚ್ಚುತ್ತಿದ್ದ. ಅವನ ಹತ್ತಿರ ಹಳೇ ಕಾರ್ಡ್ ಒಂದನ್ನು ಕಾಡಿ ಬೇಡಿ ತಂದೆ. ಮನೆಗೆ ಬಂದು ನೋಡಿದರೆ ಅದು ನನ್ನ ಕಂಪ್ಯೂಟರಿನ ಡಬ್ಬದೊಳಗೆ ಹಿಡಿಸುವುದಿಲ್ಲ! ಕಾರ್ಡ್ ಉದ್ದ, ಡಬ್ಬ ಗಿಡ್ಡ. ಅಳತೆ ನೋಡದೆ ತಂದವನು ನಾನೇ, ಆದರೂ ಮಾಲೂರಿನವನಿಗೆ ಮನಸಾರೆ ಬೈದೆ.

ಶಿವಾರಪಟ್ಟಣದಲ್ಲಿ ನನ್ನ ಜೊತೆ ಓದಿದವನೊಬ್ಬ ಕಲ್ಲಿನ ವಿಗ್ರಹ ಕೆತ್ತುತ್ತಾನೆ. ಅವನ ಹತ್ತಿರ ಕಲ್ಲು ಕೊಯ್ಯುವ ಗ್ರೈಂಡರ್ ಇದೆಯಲ್ಲ ಎಂದು ಡಬ್ಬವನ್ನು ಖಾಲಿ ಮಾಡಿ ಹೊತ್ತುಕೊಂಡು ಹೋದೆ. ಅರ್ಧ ಕೆತ್ತಿದ ಗಣಪತಿಯ ಪಕ್ಕ ಅದನ್ನು ಇಟ್ಟು ನೋಡಿ ಅವನು ನಕ್ಕಿದ್ದೇ ನಕ್ಕಿದ್ದು. "ಏನ್ಲಾ ಇದು, ಇದಕ್ಕೆ ಕಣ್ಣು ಮೂಗು ಇಡ್ಬೇಕಾ?" ಎಂದ. ತಗಡು ಹಾಳಾಗಿ ಹೋಗಲಿ, ಕೊಯ್ಯೋ ಮಾರಾಯ ಎಂದೆ. ಕಿಡಿ ಹಾರಿಸಿಕೊಂಡು ಕೊಯ್ದ. ಕಾರ್ಡ್ ಕೂತಿತು, ಅದರ ಬಾಲ ಮಾತ್ರ ಡಬ್ಬದಿಂದ ಆಚೆಗೆ.

ಆಟ ತೆರೆಯಿತು. ಒಳಗಿನ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡತೊಡಗಿದವು. ಸೊಪ್ಪು ಹೆಚ್ಚುತ್ತಿದ್ದ ಅಮ್ಮ ಕುಡುಗೋಲು ಹಿಡಿದೇ ಬಂದು ಇಣುಕಿದಳು. "ಯಾಕೋ ಹಿಂಗೆ ಬುಸುಗುಡ್ತದೆ ಇದು?"

"ಜ್ವರ ಕಣಮ್ಮ, ಅದಕ್ಕೆ ಜ್ವರ. ಜಾಸ್ತಿ ಬಿಸಿಯಾದ್ರೆ ಸತ್ತೇಹೋಗ್ತದೆ," ಎಂದೆ, ತಲೆ ಎತ್ತದೆ.

"ಹೌದಾ?" ಎಂದು ಅಮ್ಮ ಹೋದಳು.

ಅವತ್ತು ಅಕ್ಕ ಆಟಕ್ಕೆ ಬಂದಳು. ಸ್ವಲ್ಪ ಹೊತ್ತು ಆಡಿದೆವು. ಆಮೇಲೆ ಅವಳು, "ನೋಡೋ, ಇಲ್ಲಿ ನನಗೆ ಆಗ್ತಿಲ್ಲ," ಎಂದು ಶುರು ಮಾಡಿದಳು. ಅಷ್ಟೇ. ಪರದೆ ಕಪ್ಪಾಯಿತು. ತಲೆಯ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಲೇ ಇತ್ತು, ಕರೆಂಟು ಹೋಗಿರಲಿಲ್ಲ. ಗುಂಡಿ ಒತ್ತಿದೆ, ಡಬ್ಬ ಗುದ್ದಿದೆ, ಏನೂ ಇಲ್ಲ. ಕೊಂಚ ಹೊತ್ತಿನ ಮೇಲೆ, ಏನೂ ಆಗದವರ ಹಾಗೆ ತಾನೇ ಚಾಲೂ ಆಯಿತು. ಅಷ್ಟರಲ್ಲಿ ಅಕ್ಕ ಹೋಗಿದ್ದಳು. ಫೋನ್ ಮಾಡಿದರೆ, "ಏನಿಲ್ಲ ಬಿಡೋ. ಊಟ ಆಯ್ತಾ?" ಎಂದಳು.

ಮುಳಬಾಗಿಲಿನಲ್ಲಿ ರಿಪೇರಿ ಅಂಗಡಿಯವನೊಬ್ಬನಿದ್ದಾನೆ, ಅವನಿಗೆ ಕನ್ನಡಕ್ಕಿಂತ ತೆಲುಗು ಮೊದಲು ಬಾಯಿಗೆ ಬರುತ್ತದೆ. ಕೇಳಿದವನೇ, "ಪವರ್ ಸಪ್ಲೈ ಪೋಯಿಂದಿ ಸಾರ್," ಎಂದ. ಹೋಗಿದೆಯಂತೆ. ಬಿಚ್ಚಿ ನೋಡದೆ ಹೇಗಪ್ಪ ಹೇಳ್ತೀಯ ಎಂದೆ. "ಬಿಚ್ಚೋದು ಯಾಕೆ ಸಾರ್? ಬಿಸಿಯಾಗ್ತದೆ, ನಿಂತೋಗ್ತದೆ, ರೆಸ್ಟ್ ತಗೊಂಡು ಏಳ್ತದೆ. ಅದೇ ಕೇಸು." ಅವನ ಮಾತು ಎಷ್ಟು ಸರಿಯಾಗಿ ಕೇಳಿಸಿತೆಂದರೆ ಹೊಸ ಪವರ್ ಸಪ್ಲೈ ಕೊಂಡೇ ಬಂದೆ. ಆ ತಿಂಗಳು ಗಾಡಿಗೆ ಪೆಟ್ರೋಲಿಲ್ಲ, ಬಸ್ಸೇ ಗತಿ.

ಮತ್ತೆ ಭಾನುವಾರ. ಮತ್ತೆ ಅಕ್ಕ ಮಾತು ತೆಗೆದಳು. ಮತ್ತೆ ಕಪ್ಪು! ಹೊಸ ಫ್ಯಾನ್ ಹಾಕಿದೆ. ಡಬ್ಬದ ಒಂದು ಪಕ್ಕೆಯನ್ನೇ ಕಿತ್ತು ಟೇಬಲ್ ಫ್ಯಾನ್ ಇಟ್ಟೆ. ಇಡೀ ವಾರ ಸುಮ್ಮನೆ ಸಿನಿಮಾ ನೋಡಿದರೆ ಏನೂ ಆಗದು, ಅಕ್ಕ ಬಾಯಿ ತೆರೆದ ತಕ್ಷಣ ಮುಂಡೇದು ಪ್ರಾಣ ಬಿಡುತ್ತಿತ್ತು. ಪ್ರತಿ ಸಲ ಅವಳ ದನಿ ಇನ್ನಷ್ಟು ಸಣ್ಣಗಾಗುತ್ತಿತ್ತು. ಫೋನಿನಲ್ಲಿ ಏನು ಕೇಳ್ತಿದ್ದೆ ಎಂದರೆ, "ಬಿಡು, ದೊಡ್ಡ ವಿಷಯ ಅಲ್ಲ," ಎನ್ನುತ್ತಿದ್ದಳು. ನನಗೆ ಅಳುವಷ್ಟು ಸಿಟ್ಟು. ಮುಳಬಾಗಿಲಿನವನಿಗೆ ಫೋನ್ ಮಾಡಿ ಅವನ ವಂಶವನ್ನೆಲ್ಲ ಎಳೆದಾಡಿದೆ.

ಕೊನೆಗೆ ಒಂದು ಭಾನುವಾರ ಪರದೆ ಕಪ್ಪಾದ ಕ್ಷಣವೇ, ಇದನ್ನು ಎತ್ತಿ ತಿಪ್ಪೆಗೆ ಎಸೆದುಬಿಡುತ್ತೇನೆ ಎಂದು ಕುರ್ಚಿ ಒದ್ದು ಎದ್ದೆ. ನನ್ನ ಕೋಣೆಯ ಪ್ಲಗ್ ಸಡಿಲವಾದ್ದರಿಂದ ಕಂಪ್ಯೂಟರಿನ ವೈರನ್ನು ನಡುಮನೆಯ ದೊಡ್ಡ ಪ್ಲಗ್ಗಿಗೆ ಎಳೆದಿದ್ದೆ. ಬಾಗಿಲು ದಾಟಿ ನೋಡುತ್ತೇನೆ, ಅಮ್ಮ ಆ ಪ್ಲಗ್ಗಿನ ಸ್ವಿಚ್ಚಿನ ಮೇಲೆ ಕೈ ಇಟ್ಟು ನಿಂತಿದ್ದಾಳೆ.

"ಅಮ್ಮಾ! ಏನ್ ಮಾಡ್ತಿದೀಯ?"

"ಆಫ್ ಮಾಡ್ದೆ ಕಣೋ. ಒಂದ್ಗಳಿಗೆ ಬಿಟ್ಟು ಹಾಕ್ತೀನಿ ಇರು."

"ಯಾಕೆ?"

"ಜ್ವರ ಅಂತ ನೀನೇ ಅಂದ್ಯಲ್ಲ! ಜ್ವರದಾಗ ಯಾರಾದ್ರೂ ಮೇವು ಹಾಕ್ತಾರಾ? ಬುಸುಗುಡೋಕೆ ಶುರುವಾದಾಗೆಲ್ಲ ಉಪವಾಸ ಕೆಡವಿ ಉಳಿಸ್ಕೊಂಡು ಬಂದಿದೀನಿ. ಇಲ್ಲಾಂದ್ರೆ ಯಾವಾಗ್ಲೋ ಸತ್ತೋಗ್ತಿತ್ತು!"

ನಾನು ಗೋಡೆಗೆ ಒರಗಿದೆ. ಹುಳು ಸಾಕುವವರ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಹುಳು ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅವು ತಲೆ ಎತ್ತಿ ಅಲ್ಲಾಡದೆ ಕೂರುತ್ತವೆ. ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಈ ಮನೆಯಲ್ಲಿ ಮನುಷ್ಯರಿಗೆ ಬಂದ ಜ್ವರಕ್ಕಿಂತ ಹುಳುವಿಗೆ ಬಂದ ಜ್ವರವೇ ಹೆಚ್ಚು. ಆ ಮಾತನ್ನು ಬಾಯಿಗೆ ಬಂದಂತೆ ಅಮ್ಮನ ಮುಂದೆ ಆಡಿದ್ದೆನಲ್ಲ, ನನ್ನ ನಾಲಗೆಗೆ ಬೆಂಕಿ ಬೀಳ. ಅಮ್ಮನ ಮೇಲೆ ಕೂಗಾಡೋಣವೆಂದರೆ ಅವಳು ಒಳ್ಳೆಯದು ಮಾಡಿದವಳ ಮುಖ ಹೊತ್ತು ನಿಂತಿದ್ದಾಳೆ. ಕೂಗಿದೆ, ಅದು ಬೇರೆ ಮಾತು. ಸ್ವಿಚ್ ಹಾಕಿ ಓಡಿದೆ.

ಅಕ್ಕ ಇನ್ನೂ ಆಟದಲ್ಲೇ ಇದ್ದಳು. "ಅಕ್ಕಾ, ಅಮ್ಮ ಸ್ವಿಚ್ ಆಫ್ ಮಾಡ್ತಿದ್ಲು ಕಣಕ್ಕಾ, ಇಷ್ಟು ದಿನವೂ!" ಎಂದು ಉಸಿರು ಬಿಡದೆ ಎಲ್ಲ ಹೇಳಿದೆ. ಅವಳು ನಗಲಿಲ್ಲ.

"ಮನೆಗೆ ಬಂದು ಇರ್ಲಾ ಅಂತ ಕೇಳ್ತಿದ್ದೆ ಕಣೋ," ಎಂದಳು. "ಕೇಳೋ ಹೊತ್ತಿಗೆ ಸರಿಯಾಗಿ ನೀನು ಹೋಗ್ಬಿಡ್ತಿದ್ದೆ. ಕೇಳಿಸಿಯೂ ಕೇಳಿಸದ ಹಾಗೆ ಮಾಡ್ತಿದೀಯ ಅಂದ್ಕೊಂಡೆ. ನನ್ನ ಕೋಣೇಲೇ ಅಲ್ವಾ ನಿನ್ನ ಕಂಪ್ಯೂಟರ್ ಇರೋದು. ಅದಕ್ಕೇ ಕೋಲಾರದಲ್ಲಿ ಒಂದು ಪಿಜಿ ನೋಡಿ ಅಡ್ವಾನ್ಸ್ ಕೊಟ್ಬಿಟ್ಟೆ. ಇವತ್ತು ಅದನ್ನ ಹೇಳೋಣ ಅಂತ ಬಂದೆ."

ಹಿಂದೆ ಬಂದು ನಿಂತಿದ್ದ ಅಮ್ಮ, "ಯಾರೋ ಅದು, ಏನಂತೆ?" ಎಂದಳು. ನಾನು ಹೆಡ್‌ಫೋನ್ ಕಿತ್ತು, ಅಮ್ಮನ ಕಿವಿಗೆ ಸಿಕ್ಕಿಸಿದೆ. ಮೈಕು ಅವಳ ಬಾಯಿಯ ಹತ್ತಿರ ಎಳೆದೆ. "ಅಕ್ಕ. ಮನೆಗೆ ಬರ್ಲಾ ಅಂತ ಕೇಳ್ತಿದ್ಲಂತೆ. ನಾವು ಬೇಡ ಅಂದ್ವಿ ಅಂದ್ಕೊಂಡಿದ್ದಾಳೆ."

ಅಮ್ಮ ಪರದೆಯ ತುಂಬಾ ಮಗಳನ್ನು ಹುಡುಕಿದಳು. ಅಲ್ಲಿದ್ದದ್ದು ಅಕ್ಕ ಆಡಿಸುವ, ಕಬ್ಬಿಣದ ಟೋಪಿ ಹಾಕಿ ಕೊಡಲಿ ಹಿಡಿದ ಒಬ್ಬ ದಾಂಡಿಗ. ಬೇರೆ ಯಾರೂ ಕಾಣದೆ ಅವನನ್ನೇ ನೋಡುತ್ತಾ ಅಮ್ಮ ಹೇಳಿದಳು, "ನಿನ್ನ ಮನೆಗೆ ಬರೋಕೆ ನೀನು ಯಾರನ್ನೇ ಕೇಳ್ಬೇಕು? ಎದ್ದು ಬಾರೇ."

ಆಚೆಯಿಂದ ಏನು ಬಂತೋ ಅಮ್ಮನಿಗೆ ಮಾತ್ರ ಕೇಳಿಸಿತು. ನನಗೆ ಕಂಡದ್ದು ಇಷ್ಟು. ಇಬ್ಬರು ರಾಕ್ಷಸರು ಬಂದು ಆ ದಾಂಡಿಗನನ್ನು ಬಡಿಯತೊಡಗಿದರು, ಅವನು ಕೊಡಲಿ ಎತ್ತಲಿಲ್ಲ, ಓಡಲಿಲ್ಲ. ಅಕ್ಕನ ಕೈ ಗುಂಡಿಗಳ ಮೇಲಿಲ್ಲ ಎಂದು ತಿಳಿಯಿತು. ಅಮ್ಮನ ತೋಳಿನ ಕೆಳಗಿಂದ ಕೈ ತೂರಿಸಿ, ಅಕ್ಕ ಸಾಯದ ಹಾಗೆ ನಾನೇ ಆ ರಾಕ್ಷಸರನ್ನು ಹೊಡೆಯುತ್ತಾ ನಿಂತೆ.