ಮಿಷನ್ನಿಗೆ ಅಜ್ಜ ಅಂದವಳು

ನನ್ನ ಮೊಮ್ಮಗಳು ಮೊದಲ ಸಲ “ಅಜ್ಜ” ಎಂದದ್ದು ನನ್ನನ್ನು ನೋಡಿ ಅಲ್ಲ, ಬಟ್ಟೆ ತೊಳೆಯುವ ಮಿಷನ್ನನ್ನು ನೋಡಿ.

ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಗೌಂಡಿ ಕೆಲಸಕ್ಕೆ ಸೇರಿದವನು. ಶಿರಸಿಯಲ್ಲಿ ಎಷ್ಟೋ ಮನೆಗಳ ಗೋಡೆ ಎಬ್ಬಿಸಿದ್ದೇನೆ. ಯಾವ ಮನೆ ಎದ್ದು ನಿಂತಾಗಲೂ ಆಗದ ಹಿಗ್ಗು, ಈ ಹನ್ನೊಂದು ತಿಂಗಳ ಹುಡುಗಿ ಗೋಡೆ ಹಿಡಿದು ಎದ್ದು ನಿಂತಾಗ ಆಯಿತು. ರಸ್ತೆಯಲ್ಲಿ ಹೋಗುವವರನ್ನು ಕರೆದು ಕರೆದು ತೋರಿಸಿದೆ. ನನ್ನ ಹೆಗಲ ಮೇಲಿನ ಕೆಂಪು ಟವಲ್ಲಿನ ತುದಿ ಚೀಪುತ್ತ ನನ್ನ ತೊಡೆಯ ಮೇಲೇ ದಿನ ಕಳೆಯುತ್ತಿದ್ದಳು. ಅದೆಲ್ಲ ನನ್ನ ಮಗ ಆ ಮಿಷನ್ ತರುವವರೆಗೆ.

ಅದಕ್ಕೆ ಎದುರಿಗೇ ದುಂಡನೆಯ ಗಾಜಿನ ಬಾಗಿಲು. ಒಳಗೆ ಬಟ್ಟೆ ತಿರುಗತೊಡಗಿದರೆ ಮೊಮ್ಮಗಳು ಅಂಬೆಗಾಲಿಕ್ಕಿ ಹೋಗಿ ಎದುರು ಕೂತುಬಿಡುತ್ತಿದ್ದಳು. ನಾನು ಬೆಕ್ಕಿನ ಹಾಗೆ ಕೂಗಿದೆ, ಡಬ್ಬಿ ಬಡಿದೆ. ತಿರುಗಿಯೂ ನೋಡಲಿಲ್ಲ. ಒಂದು ದಿನ ಗಾಜಿಗೆ ಬೆರಳು ಒತ್ತಿ “ಅಜ್ಜ!” ಅಂದಳು.

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ನಿಮಗಿಂತ ಅದೇ ಚೊಲೋ ಮಾರಾಯ್ರೆ. ಕವಳ ಹಾಕಿ ಕಂಡಕಂಡಲ್ಲಿ ಉಗಿಯೂದಿಲ್ಲ.”

ನನಗೆ ಅಂದು ಊಟ ಸೇರಲಿಲ್ಲ.

ಆ ವಾರವೇ ಮಿಷನ್ ಬಿಟ್ಟ ನೀರು ಬಚ್ಚಲಿನ ತೂತಿನಿಂದ ಹಿಂದಕ್ಕೆ ಉಕ್ಕಿ, ನೊರೆ ಸಮೇತ ಅಡುಗೆಮನೆಯ ಹೊಸ್ತಿಲವರೆಗೆ ಬಂತು. ಒಳಗೊಳಗೇ ಹಿತವಾಯಿತು. “ಮಿಷನ್ನೇ ಹಾಳು. ವಾಪಸ್ ಕೊಡಿ” ಎಂದೆ.

ಸೊಸೆ ಬಿಳಗಿಯವಳು, ಹೇಳಿದ್ದನ್ನು ಸುಮ್ಮನೆ ನಂಬುವವಳಲ್ಲ. ಮಿಷನ್ನಿನ ಪೈಪನ್ನು ಬಚ್ಚಲ ತೂತಿನಿಂದ ಕಿತ್ತು ಬಕೆಟ್ಟಿಗೆ ಇಟ್ಟು ನೋಡಿದಳು. ಬಕೆಟ್ ಭರ್ರನೆ ತುಂಬಿತು.

“ಮಾವ, ಮಿಷನ್ ಚೊಲೋ ನೀರು ಬಿಡ್ತದೆ. ನಿಮ್ಮ ಬಚ್ಚಲೇ ಕುಡೀತಿಲ್ಲ.”

“ಆ ಬಚ್ಚಲು ನಾನು ಕಟ್ಟಿದ್ದು. ವಾಟ ಸರಿ ಅದೆ. ಇಷ್ಟು ವರ್ಷ ಒಂದು ತಂಬಿಗೆ ನೀರೂ ನಿಂತಿದ್ದಿಲ್ಲ.”

ವಾಟವೆಂದರೆ ನೀರು ಹರಿದುಹೋಗಲು ನಾವು ಕೊಡುವ ಇಳಿಜಾರು. ಅದು ಸರಿಯೇ ಇತ್ತು. ತಪ್ಪು ಎಲ್ಲಿದೆ ಎಂಬುದು ನನಗೆ ಮೊದಲ ದಿನವೇ ಹೊಳೆದಿತ್ತು. ಮನೆ ಕಟ್ಟಿದ ವರ್ಷ ಬಚ್ಚಲಿನ ಪೈಪಿನಿಂದ ಒಂದು ಹಾವು ಒಳಗೆ ಬಂದಿತ್ತು. ಆಮೇಲೆ ಹಿತ್ತಲಿನಲ್ಲಿ ಆ ಪೈಪಿನ ಬಾಯಿಗೆ, ತೂತು ಕೊರೆದ ತೆಂಗಿನ ಗರಟೆಯೊಂದನ್ನು ಸಿಮೆಂಟ್ ಹಾಕಿ ಕೂರಿಸಿದ್ದೆ. ತಂಬಿಗೆಯಲ್ಲಿ ಮೀಯುವವರ ನೀರಿಗೆ ಆ ತೂತುಗಳು ಸಾಕು. ಮಿಷನ್ ಒಂದೇ ಉಸಿರಿಗೆ ಬಿಡುವ ನೀರಿಗೆ, ಜೊತೆಗೆ ಬರುವ ಬಟ್ಟೆಯ ಎಳೆಗಳಿಗೆ ಎಲ್ಲಿ ಸಾಕು? ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಮೂರು ದಿನ ಮಿಷನ್ ಸುಮ್ಮನಿತ್ತು. ಮೊಮ್ಮಗಳು ಮತ್ತೆ ನನ್ನ ತೊಡೆಯೇರಿ ಟವಲ್ ಚೀಪಿದಳು. ಸ್ವರ್ಗ.

ನಾಲ್ಕನೆಯ ದಿನ ಬೆಳಿಗ್ಗೆ ಸೊಸೆ ಚೀಲ ತುಂಬತೊಡಗಿದಳು. “ಅತ್ತೆಗೆ ಮೊಣಕಾಲು ನೋವು, ನನಗೆ ಇಷ್ಟು ಬಟ್ಟೆ ಒಗೆದು ಪೂರೈಸೂದಿಲ್ಲ ಮಾವ. ಇದು ಸರಿ ಆಗೂವರೆಗೆ ಬಿಳಗಿಯಲ್ಲೇ ಇರ್ತೆ. ಅಲ್ಲಿ ಅಪ್ಪನೂ ಮಗೂನ ನೋಡ್ಬೇಕು ಅಂತಿದ್ದ.”

ಬಿಳಗಿಯಲ್ಲಿ ಇನ್ನೊಬ್ಬ ಅಜ್ಜನಿದ್ದಾನೆ. ಅದೂ ಹಿಡಿದು ಆಡಲು ದೊಡ್ಡ ಮೀಸೆ ಇರುವವನು. ಮಿಷನ್ನಾದರೂ ನಮ್ಮ ಮನೆಯದು!

ಉಳಿ, ಸುತ್ತಿಗೆ ಹಿಡಿದು ಹಿತ್ತಲಿಗೆ ಓಡಿದೆ. ಎರಡೇ ಪೆಟ್ಟಿಗೆ ಗರಟೆ ಕಳಚಿತು. ನೂಲಿನ ದೊಡ್ಡ ಮುದ್ದೆಯೊಂದು ಹೊರಬಿತ್ತು. ಹಿಂದೆಯೇ ಕಟ್ಟಿನಿಂತ ನೀರು ಕಾಲ ಮೇಲೆ ಸುರಿಯಿತು. ಮುದ್ದೆಯಲ್ಲಿ ಕೆಂಪು ಎಳೆಗಳೇ ಹೆಚ್ಚಿದ್ದವು. ತಿರುಗಿದರೆ ಹೆಂಡತಿ ನಿಂತಿದ್ದಾಳೆ.

“ಗೊತ್ತಿತ್ತಾ ನಿಮಗೆ?”

“ಈಗ ಗೊತ್ತಾತು.”

“ಗೊತ್ತಿಲ್ದೆ ಉಳಿ ಹಿಡಕಂಡು ನೇರ ಇಲ್ಲಿಗೇ ಬಂದ್ರಾ?”

ನಾನು ಕಾಲು ತೊಳೆದುಕೊಂಡೆ.

ಸೊಸೆ ರಾಶಿ ಬಿದ್ದ ಬಟ್ಟೆಯ ಜೊತೆ ನನ್ನ ಹೆಗಲ ಟವಲ್ಲನ್ನೂ ಎಳೆದು ತುಂಬಿ ಮಿಷನ್ ಹಚ್ಚಿದಳು. ಹಿತ್ತಲಿನ ಪೈಪಿನಿಂದ ನೀರು ಧೋ ಎಂದು ಹರಿಯಿತು, ಬಚ್ಚಲಲ್ಲಿ ಒಂದು ಹನಿಯೂ ನಿಲ್ಲಲಿಲ್ಲ. ಮೊಮ್ಮಗಳು ಸರಸರನೆ ಅಂಬೆಗಾಲಿಕ್ಕಿ ಹೋಗಿ ಗಾಜಿನೆದುರು ಕೂತಳು. ನಾನು ಬಾಗಿಲಲ್ಲೇ ಮುಖ ಊದಿಸಿಕೊಂಡು ನಿಂತೆ.

“ಅಜ್ಜ!” ಅಂದಳು. ಬಟ್ಟೆಗಳು ಒಂದು ಸುತ್ತು ಬಂದವು. ಮತ್ತೆ “ಅಜ್ಜ!”

“ಮಾವ, ಹತ್ರ ಬಂದು ನೋಡಿ. ಎಂತ ಬಂದಾಗ ಕೂಗ್ತಾಳೆ ಹೇಳಿ” ಎಂದಳು ಸೊಸೆ.

ಬಗ್ಗಿ ನೋಡಿದೆ. ಬಿಳಿ ಲಂಗೋಟಿಗಳು ಹೋದವು, ಮಗನ ಖಾಕಿ ಪ್ಯಾಂಟ್ ಹೋಯಿತು. ನನ್ನ ಕೆಂಪು ಟವಲ್ ಗಾಜಿನ ಹತ್ತಿರ ಬಂತು.

“ಅಜ್ಜ!”

ಅಲ್ಲಿಯೇ ನೆಲದ ಮೇಲೆ ಅವಳ ಪಕ್ಕ ಕೂತುಬಿಟ್ಟೆ.

ಪೈಪಿನ ಬಾಯಿಗೆ ಈಗ ಬಿಚ್ಚಿ ತೊಳೆಯಲು ಬರುವ ಜಾಲರಿ ಹಾಕಿದ್ದೇನೆ, ವಾರಕ್ಕೊಮ್ಮೆ ನಾನೇ ತೊಳೆಯುತ್ತೇನೆ. ಟವಲ್ಲನ್ನು ಮಾತ್ರ ಮಿಷನ್ನಿಗೆ ಕೊಡುವುದಿಲ್ಲ. ಆದರೂ ಒಂದು ಅನುಮಾನ ಉಳಿದಿತ್ತು. ನಿನ್ನೆ ಟವಲ್ಲನ್ನು ಹೆಂಡತಿಯ ಹೆಗಲಿಗೆ ಹಾಕಿ, ನಾನು ಬರಿ ಹೆಗಲಲ್ಲಿ ಪಕ್ಕ ನಿಂತೆ. ಮೊಮ್ಮಗಳು ನಮ್ಮಿಬ್ಬರನ್ನೂ ನೋಡಿದಳು. ಕೈ ಚಾಚಿ ಅಜ್ಜಿಯನ್ನೇ “ಅಜ್ಜ” ಎಂದಳು.

ಹೆಂಡತಿ ಆ ಟವಲ್ಲನ್ನು ಇನ್ನೂ ವಾಪಸ್ ಕೊಟ್ಟಿಲ್ಲ.